ಟ್ಯಾಮ್ ಓಷಾಂಟರಿನ ಸಂತೆ

ಸಂತೆಯ ದಿನ ಕಂಠಪೂರ್ತಿ ಕುಡಿದು, ನಡುರಾತ್ರಿಯಲ್ಲಿ ಕುದುರೆಯೇರಿ ಮನೆಯತ್ತ ಹೊರಟು, ದಾರಿಯಲ್ಲಿ ಮಾಟಗಾತಿಯರ ಕುಣಿತವನ್ನು ಕಂಡು ಮೈಮರೆತ ಟ್ಯಾಮ್ ಎಂಬ ರೈತನು ಸ್ಕಾಟ್ಲೆಂಡಿನ ಕವಿ ಬರ್ನ್ಸನ ಸೃಷ್ಟಿ. ಅವನ ಹೆಸರನ್ನು ಷಿಕಾಗೋ ನಗರದ ಮಗ್ಗುಲಿನ ನೈಲ್ಸ್ ಎಂಬ ಊರಿನ ಗಾಲ್ಫ್ ಕ್ಲಬ್ಬಿಗೆ ಇಟ್ಟವರು ಭವಿಷ್ಯಜ್ಞಾನಿಗಳೇ ಇರಬೇಕು. ಏಕೆಂದರೆ 1946ರಿಂದ 1957ರವರೆಗೆ ಅಲ್ಲಿ ನಡೆದ ಗಾಲ್ಫಿನ ‘ವಿಶ್ವ ಚಾಂಪಿಯನ್‌ಷಿಪ್’ ಪಂದ್ಯವು ಕ್ರೀಡೆಯ ಗಾಂಭೀರ್ಯಕ್ಕಿಂತ ಸಂತೆಯ ಸಡಗರವನ್ನೇ ಹೆಚ್ಚಾಗಿ ಹೋಲುತ್ತಿತ್ತು.

ಇದರ ಕರ್ತೃವಾದ ಜಾರ್ಜ್ ಮೇ ಮಹಾಶಯನು ಕಾರ್ಖಾನೆ ಕಚೇರಿಗಳಿಗೆ ದಕ್ಷತೆಯ ಪಾಠ ಹೇಳಿ ಐಶ್ವರ್ಯ ಗಳಿಸಿದವನು. ಕಣ್ಣು ಕುಕ್ಕುವ ಹೂವಿನ ಅಂಗಿ ತೊಟ್ಟು ಮೈದಾನದಲ್ಲೆಲ್ಲ ತಿರುಗುತ್ತಿದ್ದ ಆತನು, ಪ್ರೇಕ್ಷಕರಿಗೆ ಗುರುತು ಸಿಗಲೆಂದು ಆಟಗಾರರ ಬೆನ್ನಿಗೆ ಸಂಖ್ಯೆ ಅಂಟಿಸಲು ಹೊರಟಾಗ ಮಾನಧನರಾದ ವೃತ್ತಿಗಾರರು ಕೆರಳಿದರು. ಆದರೆ ಹಣವನ್ನು ಬೇಡವೆನ್ನಲಿಲ್ಲ. 1953ರಲ್ಲಿ ಅಮೆರಿಕದ ಓಪನ್ ಗೆದ್ದ ಬೆನ್ ಹೋಗನನಿಗೆ ದೊರೆತದ್ದು 5,000 ಡಾಲರು. ಅದೇ ವರ್ಷ ಮೇ ಇಟ್ಟ ಪ್ರಥಮ ಬಹುಮಾನ 25,000, ಮರುವರ್ಷ 50,000! ಆ ಮರುವರ್ಷ ಗೆದ್ದ ಬಾಬ್ ಟೋಸ್ಕಿಗೆ ಪ್ರದರ್ಶನ ಪಂದ್ಯಗಳಿಂದ ಮತ್ತೂ ಅಷ್ಟೇ ಗಳಿಸುವ ಅವಕಾಶವಿತ್ತು.

ಇಷ್ಟಾದರೂ ‘ವಿಶ್ವ’ ಎಂಬ ಬಿರುದು ಪೊಳ್ಳೆಂದವರ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಹೋಗನನು ಇಲ್ಲಿ 1947ರಲ್ಲಿಯೂ 1951ರಲ್ಲಿಯೂ ಗೆದ್ದನು. ಆದರೆ ಅವನ ಕೀರ್ತಿಯನ್ನು ಲೆಕ್ಕ ಹಾಕುವವರು ಒಂಬತ್ತು ಮಹಾಪಂದ್ಯಗಳನ್ನು ಎಣಿಸಿ ನಿಲ್ಲುವರೇ ಹೊರತು ನೈಲ್ಸಿನ ಈ ಎರಡನ್ನು ಆ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ವಂಶಾವಳಿಯೆಂಬುದು ಮೇ ತನ್ನ ಚೀಲದಿಂದ ತೆಗೆದು ಕೊಡಬಹುದಾದ ವಸ್ತುವಾಗಿರಲಿಲ್ಲ.

ಆದಾಗ್ಯೂ 1953ರ ಆಗಸ್ಟಿನ ಒಂದು ಮಧ್ಯಾಹ್ನವನ್ನು ಯಾವ ವಿಮರ್ಶಕನೂ ತಳ್ಳಿಹಾಕುವಂತಿಲ್ಲ. ಚಾಂಡ್ಲರ್ ಹಾರ್ಪರನು ಆಟ ಮುಗಿಸಿ, ಗೆದ್ದವನೆಂದೇ ಅಭಿನಂದನೆ ಸ್ವೀಕರಿಸುತ್ತ ನಿಂತಿದ್ದನು. ಅವನನ್ನು ಸರಿಗಟ್ಟಬೇಕಾದರೂ ಲೂ ವರ್ಷಮನು ಕೊನೆಯ ಕುಳಿಯನ್ನು ಮೂರೇ ಹೊಡೆತಗಳಲ್ಲಿ ಮುಗಿಸಬೇಕಿತ್ತು. ನೂರು ಗಜಕ್ಕೂ ಮಿಕ್ಕ ದೂರದಿಂದ ವೆಜ್ ಕೋಲಿನಲ್ಲಿ ಅವನು ಎತ್ತಿ ಹೊಡೆದ ಎರಡನೆಯ ಹೊಡೆತಕ್ಕೇ ಚೆಂಡು ಹಸಿರಿನ ಮೇಲೆ ಬಿದ್ದು, ಯಾರೋ ದಾರಿ ತೋರಿದರೆಂಬಂತೆ ಉರುಳುರುಳುತ್ತ ಹೋಗಿ ಕುಳಿಯೊಳಗೆ ಅಡಗಿತು. ಸಮನಾಗಲು ಹೊರಟವನು ಒಂದು ಹೊಡೆತದಿಂದ ಗೆದ್ದುಬಿಟ್ಟನು. ಟೆಲಿವಿಷನ್ ಮೂಲಕ ಅಮೆರಿಕವೆಲ್ಲ ನೋಡಿದ ಮೊತ್ತಮೊದಲ ಗಾಲ್ಫ್ ಪಂದ್ಯ ಅದು; ಕ್ಯಾಮೆರಾದ ಕಣ್ಣು ಆ ಕುಳಿಯ ಮೇಲೆಯೇ ನೆಟ್ಟಿತ್ತು. ಅಂಥ ಅದೃಷ್ಟವನ್ನು ನಾಟಕಕಾರನೊಬ್ಬನು ಬರೆದಿದ್ದರೆ ಅಸಂಭಾವ್ಯವೆಂದು ನಾವೇ ಜರೆಯುತ್ತಿದ್ದೆವು.

ಮೇಯ ಸಂತೆಗೆ ಇನ್ನೊಂದು ಗುಣವಿತ್ತು. ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವನ್ನು ವೃತ್ತಿಗಾರರ ಸಂಘವಾದ ಪಿಜಿಎ 1961ರವರೆಗೂ ತನ್ನ ಸಂವಿಧಾನದಲ್ಲಿ ಇಟ್ಟುಕೊಂಡಿದ್ದ ಕಾಲದಲ್ಲಿ, ಟೆಡ್ ರೋಡ್ಸನಂಥ ಕರಿಯ ಆಟಗಾರರಿಗೆ ಟ್ಯಾಮ್ ಓಷಾಂಟರಿನ ಬಾಗಿಲು ತೆರೆದಿತ್ತು. ಅಭಿರುಚಿಯಲ್ಲಿ ಮೇಯನ್ನು ಹಳಿದ ಸಜ್ಜನರು ಈ ವಿಷಯದಲ್ಲಿ ಅವನಿಂದ ಕಲಿಯಬಹುದಾಗಿತ್ತು.

ಆದರೆ ಒಬ್ಬನ ಉತ್ಸಾಹದ ಮೇಲೆ ನಿಂತ ಮಂಟಪಕ್ಕೆ ಎರಡನೆಯ ಕಂಬವಿರಲಿಲ್ಲ. ಉಂಡ ಮನೆಯ ಜಂತೆ ಎಣಿಸುವ ಸಂಘದೊಡನೆ ಜಗಳ ಬಲಿತು, ಮೇ ಬೇಸತ್ತು ಪಂದ್ಯವನ್ನೇ ಕೈಬಿಟ್ಟನು. 1958ರಲ್ಲಿ ಅಮೆರಿಕದ ಓಪನ್ ಗೆದ್ದ ಟಾಮಿ ಬೋಲ್ಟನ ಬೆನ್ನಿಗೆ ಯಾವ ಸಂಖ್ಯೆಯೂ ಇರಲಿಲ್ಲ. ಅವನ ಕೈಗೆ ಬಂದದ್ದು 8,000 ಡಾಲರು.