ಹಳಿ ಮೇಲೆ ನಿಂತ ಹುಡುಗಿ

ಅಮೆರಿಕದಲ್ಲಿ ಹೈಸ್ಕೂಲಿನ ಕೊನೇ ವರ್ಷದ ಮಕ್ಕಳು, ಅಲ್ಲಿರೋ ನಮ್ಮವರ ಮಕ್ಕಳೂ ಸೇರಿ, 'ಸೀನಿಯರ್ ಪೋರ್ಟ್ರೇಟ್' ತೆಗೆಸ್ಕೋತಾರೆ. ಇಟ್ಟಿಗೆ ಗೋಡೆ, ಗೋಧಿ ಹೊಲ, ರೈಲು ಹಳಿ: ಹೆಚ್ಚಾಗಿ ಇವೇ ಜಾಗ. ಹಳಿಯಂತೂ ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಗಂಟೆಗೆ 55 ಮೈಲಿ ವೇಗದ ಗೂಡ್ಸ್ ರೈಲು ಬ್ರೇಕ್ ಹಾಕಿದರೂ ನಿಲ್ಲೋಕೆ ಒಂದು ಮೈಲಿಯಾದರೂ ಬೇಕು. ಅಪಾಯ ಬಿಡಿ, ಹುಡುಗಿ ಯಾವೂರಿನವಳು ಅಂತಲೇ ಆ ಚಿತ್ರ ಹೇಳಲ್ಲ.

ಸಿಯಾಟಲ್‌ನ ಗ್ಯಾಸ್ ವರ್ಕ್ಸ್ ಪಾರ್ಕ್ ನೋಡಿ. 1956ರಲ್ಲಿ ಮುಚ್ಚಿದ ಅನಿಲ ಕಾರ್ಖಾನೆಯ ತುಕ್ಕು ಗೋಪುರಗಳನ್ನ ಉಳಿಸಿಕೊಂಡೇ 1975ರಲ್ಲಿ ತೆರೆದ ಉದ್ಯಾನ ಅದು. ಅಲ್ಲಿ ಹಿನ್ನೆಲೆಗೂ ಒಂದು ಊರಿದೆ.

ಹೊಲ ಉತ್ತ ಮನೆಯವನಾಗಿ ಹೇಳ್ತೀನಿ, ಪೈರಿನ ನಡುವೆ ನಿಂತ ಮಾತ್ರಕ್ಕೆ ಯಾರೂ ಸಹಜವಾಗಿ ಕಾಣಲ್ಲ. ದಿನಾ ಬಸ್ ಕಾದ ಸ್ಟಾಪು, ಲೈಬ್ರರಿ ಮೆಟ್ಟಿಲು, ಇಂಥ ಕಡೆ ಸಂಜೆ ಬಿಸಿಲಲ್ಲಿ ತೆಗೀರಿ. ಮುಖ ತಾನಾಗೇ ಸಡಿಲಾಗತ್ತೆ.