ನೊಣಕ್ಕೆ ಸಲ್ಲದ ಕರುಣೆ

ಪ್ರಯೋಗಶಾಲೆಯಲ್ಲಿ ಜನಿಸಿದ ವಿಕಾರಜೀವಿಗಳ ಕಥೆ ಅಮೆರಿಕದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯಲ್ಲಿ ಹಲವು ಬಾರಿ ಬಂದಿದೆ. ಅವುಗಳಲ್ಲಿ ಕ್ರಿಸ್ ಕಾರ್ಟರ್ ರಚಿಸಿ ನಿರ್ದೇಶಿಸಿದ, 1997ರ ನವೆಂಬರ್‌ನಲ್ಲಿ ಪ್ರಸಾರವಾದ 'ದಿ ಪೋಸ್ಟ್-ಮಾಡರ್ನ್ ಪ್ರೊಮೀಥಿಯಸ್' ಎಂಬ ಕಪ್ಪು-ಬಿಳುಪಿನ ಕಂತು ಧರ್ಮಜಿಜ್ಞಾಸುಗಳ ಪರಾಮರ್ಶೆಗೆ ಯೋಗ್ಯವಾದುದು. ವಂಶವಾಹಿಗಳ ಪ್ರಯೋಗದಿಂದ ಎರಡು ಮುಖ ಪಡೆದ ಮುಟಾಟೊನನ್ನು ಪಂಜು ಹಿಡಿದು ಅಟ್ಟಿಬಂದ ಜನರು, ಅವನ ಜೀವನವೃತ್ತಾಂತವನ್ನು ಕೇಳಿ ಕರಗುವ ಸನ್ನಿವೇಶ ನಿಜಕ್ಕೂ ಹೃದ್ಯವಾಗಿದೆ.

ಆದರೆ ಆ ಕರುಣೆ ಮಾತು ಬಲ್ಲವನಿಗೆ ಮಾತ್ರ. ವಿಜ್ಞಾನಿ ಪೊಲಿಡೋರಿ, ಬಾಯಿಯ ಸ್ಥಾನದಲ್ಲಿ ಕಾಲು ಮೂಡಿದ ಹಣ್ಣುನೊಣವನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಏತಕ್ಕೆಂದರೆ, ತನಗೆ ಸಾಧ್ಯವಿರುವುದರಿಂದ ಎನ್ನುತ್ತಾನೆ. ಆ ಚತುರಿಂದ್ರಿಯ ಜೀವಕ್ಕಾಗಿ ಕಥೆಯಲ್ಲಿ ಯಾರೂ ಮರುಗುವುದಿಲ್ಲ. ಇದನ್ನು ಪರದೇಶದ ಕ್ರೌರ್ಯವೆಂದು ತಳ್ಳಿಹಾಕುವಂತೆಯೂ ಇಲ್ಲ. ಹದಿನಾರಿಗೆ ದೂರವಲ್ಲದ ತಿ. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೇ ಇದೆ. ಮನುಷ್ಯನ ಸಾಕಣೆಯಲ್ಲಿ ಹಾರುವ ಶಕ್ತಿಯನ್ನೇ ಕಳೆದುಕೊಂಡ ಪತಂಗದ ಸಂತತಿ, ರೆಕ್ಕೆ ಮೂಡುವ ಮುನ್ನವೇ ಗೂಡಿನೊಳಗೆ ಬೆಂದು ಸಾಯುತ್ತದೆ. ಆ ನೂಲಿನ ವಸ್ತ್ರವನ್ನುಟ್ಟು ಬಸದಿಗೆ ಬರುವವರೂ ಉಂಟು!

ಕಂತಿನ ದೊಡ್ಡ ದೋಷ ಬೇರೊಂದಿದೆ. ಮುಟಾಟೊನಿಗೊಬ್ಬ ಸಂಗಾತಿ ಹುಟ್ಟಲೆಂದು ಊರಿನ ಸ್ತ್ರೀಯರನ್ನು ಮೂರ್ಛೆಗೊಳಿಸಿ ಗರ್ಭವತಿಯರನ್ನಾಗಿ ಮಾಡಲಾಗುತ್ತದೆ. ಕೊಡದುದನ್ನು ಕೊಂಡ ಈ ಅದತ್ತಾದಾನವನ್ನು ಕಥೆ ವಿನೋದದಲ್ಲಿ ತೇಲಿಸಿಬಿಡುತ್ತದೆ. ತಾಯಂದಿರು ಶಿಶುಗಳನ್ನೆತ್ತಿಕೊಂಡು ದೂರದರ್ಶನದ ಹರಟೆಗೆ ಬಂದು ಕೂರುತ್ತಾರೆ. ಈ ಮಕ್ಕಳನ್ನು ಪ್ರೀತಿಸುವುದು ಕಷ್ಟವೇ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ, ಅವರ ಸಮ್ಮತಿಯ ಮಾತು ಬರುವುದಿಲ್ಲ. ಅತ್ತ ಮುಟಾಟೊ ಸಂಗೀತ ಕಚೇರಿಯಲ್ಲಿ ಕುಣಿಯುತ್ತಿರುತ್ತಾನೆ.