ಆರಾಮ ಕುರ್ಚಿಯ ಬಟ್ಟೆ

ಮಾಳಿಗೆಗೆ, ಅಂಗಳಕ್ಕೆ ಆರಾಮ ಕುರ್ಚಿ ಕೊಳ್ಳುವಾಗ ನಾವು ಹೆಂಗಸರು ಮೊದಲು ನೋಡುವುದು ಬಣ್ಣ. ಸೀರೆಗೆ ಆ ಕಣ್ಣು ಸರಿ, ಕುರ್ಚಿಗೆ ಸಾಲದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಬಿಸಿಲು ಬಣ್ಣದ ಜೊತೆಗೆ ನೂಲನ್ನೂ ತಿನ್ನುತ್ತದೆ.

ಹಳೆಯ ಕ್ಯಾನ್ವಾಸಿನ ಮೇಲೆ ನನಗೆ ಪ್ರೀತಿ ಹೆಚ್ಚು. ಹತ್ತಿಯಾದ್ದರಿಂದ ಬೆವರು ಹೀರುತ್ತದೆ, ಮೈಗೆ ಹಿತ. ಆದರೆ ತೊಯ್ದದ್ದನ್ನು ಹಾಗೇ ಮಡಿಚಿಟ್ಟರೆ ಬೂಸ್ಟು ಹಿಡಿದು ಕೊಳೆಯುತ್ತದೆ. ಕಮಲಾಪುರದಲ್ಲಿ ಇನ್ನೊಂದು ಕಾಟ. ಕೆಂಪು ಬಾಳೆಯ ಗೊನೆ ಕಡಿದ ಕೈಯಲ್ಲೇ ಕುರ್ಚಿ ಮುಟ್ಟಿದರೆ ಸೊನೆಯ ಕಲೆ ಯಾವ ಸಾಬೂನಿಗೂ ಬಗ್ಗದು. ನೈಲಾನ್ ಗಟ್ಟಿ ಎಂಬುದು ಅರ್ಧ ಮಾತು; ಎಳೆದರೆ ಗಟ್ಟಿ, ಬಿಸಿಲಿಗೆ ಬೇಗ ಸೋಲುತ್ತದೆ. ಬಯಲಿಗೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಜಾಲರಿ ಬಟ್ಟೆಯೇ ಮೇಲು. ಚೆಲುವು ಕಡಿಮೆ, ಆದರೆ ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತದೆ.

ಅಂಗಡಿಯವರು ಬಟ್ಟೆಯನ್ನು ಹೊಗಳುತ್ತಾರೆ, ದಾರದ ಮಾತೆತ್ತುವುದಿಲ್ಲ. ಬಟ್ಟೆ ನಡುವೆ ಹರಿಯುವುದಕ್ಕಿಂತ ಕೋಲು ತೂರಿಸುವ ತುದಿಯ ಹೊಲಿಗೆ ಬಿಡುವುದೇ ಹೆಚ್ಚು. ಆ ಕುರ್ಚಿಯಲ್ಲಿ ಕೂರುವವರು ಬಹುತೇಕ ಮನೆಯ ಹಿರಿಯರು. ಹೊಲಿಗೆ ಬಿಟ್ಟರೆ ಮುರಿಯುವುದು ಅವರ ಸೊಂಟ. ತಿಂಗಳಿಗೊಮ್ಮೆ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿ. ಎಳೆ ಕಿತ್ತು ಬಂದರೆ ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹೊಲಿಸಿ, ಅಲ್ಲಿಯವರೆಗೆ ಯಾರನ್ನೂ ಕೂರಿಸಬೇಡಿ.

ತೊಳೆಯಲು ಬ್ಲೀಚಿಂಗ್ ಪುಡಿ ಬೇಡ. ಸಾಬೂನು ನೀರು, ಮೆತ್ತನೆಯ ಬ್ರಷ್ ಸಾಕು. ನೆರಳಲ್ಲಿ ಪೂರ್ತಿ ಒಣಗಲಿ. ಬೇಸಿಗೆಯಲ್ಲಿ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದಾಗ ಕುರ್ಚಿಯನ್ನು ಮಡಿಚಿ ನೆರಳಿಗೆ ಸರಿಸಿ ಬನ್ನಿ.